ವಾರ್ ಗೇಮ್, ಆರ್‌ಪಿಜಿ ಶುರು ಮಾಡುವವರಿಗೆ: ಯಾವ ಆಟ, ಯಾಕೆ?

ದಾಳಪ್ರಿಯ:

ಮೇಜಿನ ಮೇಲೆ ಆಡುವ ವಾರ್ ಗೇಮ್ ಮತ್ತು ರೋಲ್ ಪ್ಲೇಯಿಂಗ್ ಗೇಮ್ (ಆರ್‌ಪಿಜಿ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ನಡೆಸುವ ಆಟ) ಬಗ್ಗೆ "ಯಾವುದರಿಂದ ಶುರು ಮಾಡಲಿ?" ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಹಾಕುತ್ತಿದ್ದೇನೆ. ಉದ್ದ ಇದೆ, ನಿಧಾನವಾಗಿ ಓದಿ. ಒಪ್ಪದಿದ್ದರೆ ಕೆಳಗೆ ಹೇಳಿ.

ಬಹಳ ಜನ ಡಬ್ಬದ ಮೇಲಿನ ಚಿತ್ರ ನೋಡಿ ಆಟ ಆರಿಸುತ್ತಾರೆ. ಟ್ಯಾಂಕ್ ಇಷ್ಟ ಇದ್ದರೆ ಟ್ಯಾಂಕಿನ ಆಟ, ಡ್ರ್ಯಾಗನ್ ಇಷ್ಟ ಇದ್ದರೆ ಡ್ರ್ಯಾಗನ್ ಆಟ. ನಾನು ಕೇಳುವ ಪ್ರಶ್ನೆ ಬೇರೆ. ನಿಮ್ಮ ಸರದಿ ಬಂದಾಗ ನೀವು ತೀರ್ಮಾನ ಮಾಡಬೇಕಾದದ್ದು ಏನು? ಎರಡು ಆಟಗಳಲ್ಲಿ ಒಂದೇ ಯುದ್ಧ ಇರಬಹುದು. ಒಂದರಲ್ಲಿ ನೀವು ಯಾವ ದಳವನ್ನು ಎಲ್ಲಿಂದ ಕಿತ್ತು ಎಲ್ಲಿಗೆ ಸೇರಿಸಬೇಕು ಅಂತ ಲೆಕ್ಕ ಹಾಕುತ್ತಿರುತ್ತೀರಿ, ಇನ್ನೊಂದರಲ್ಲಿ ಬೇಲಿಯ ಹಿಂದೆ ಅಡಗಿ ಕೂತ ಐದಾರು ಜನರನ್ನು ಈಗ ಓಡಿಸಬೇಕೋ ಬೇಡವೋ ಅಂತ ಒದ್ದಾಡುತ್ತಿರುತ್ತೀರಿ. ಯಾವ ಒದ್ದಾಟ ನಿಮಗೆ ಹಿಡಿಸುತ್ತದೆ ಅನ್ನುವುದೇ ಮುಖ್ಯ. ಅದು ಗೊತ್ತಾದರೆ ಆಟ ಆರಿಸುವುದು ಸುಲಭ.

ವಾರ್ ಗೇಮಿನಿಂದ ಶುರು ಮಾಡುತ್ತೇನೆ.

ಹೆಕ್ಸ್ ನಕ್ಷೆ (ಆರು ಮೂಲೆಯ ಮನೆಗಳಾಗಿ ಭಾಗ ಮಾಡಿದ್ದು), ದಳಗಳನ್ನು ತೋರಿಸುವ ರಟ್ಟಿನ ಕೌಂಟರ್ ಇರುವ ಹಳೇ ಶೈಲಿಯ ಆಟ ಹೇಗಿರುತ್ತದೆ ಅಂತ ನೋಡಬೇಕಾ? ಫ್ರಾಂಕ್ ಚಾಡ್ವಿಕ್ 1986ರಲ್ಲಿ ಮಾಡಿದ ಬ್ಯಾಟಲ್ ಫಾರ್ ಮಾಸ್ಕೋ ಸಾಕು. ಹೊಸಬರಿಗಾಗಿಯೇ ಮಾಡಿದ ಆಟ ಇದು. ನಿಯಮ ಕೆಲವೇ ಪುಟ, ಏಳು ಸರದಿಗೆ ಆಟ ಮುಗಿಯುತ್ತದೆ, ಇಳಿಸಿಕೊಂಡು ಪ್ರಿಂಟ್ ಹಾಕಿಕೊಳ್ಳಲು ಉಚಿತವಾಗಿಯೂ ಸಿಗುತ್ತದೆ. 1941ರ ಕೊನೆಯಲ್ಲಿ ಜರ್ಮನ್ ಸೈನ್ಯ ಮಾಸ್ಕೋ ಕಡೆ ನುಗ್ಗಿದ ಕಥೆ. ಮೊದಲು ಜರ್ಮನ್ ಪ್ಯಾಂಜರ್ (ಟ್ಯಾಂಕ್) ದಳಗಳು ಚಲಿಸುತ್ತವೆ, ಆಮೇಲೆ ಕಾದಾಟ, ಆಮೇಲೆ ಎಲ್ಲಾ ದಳಗಳ ಚಲನೆ. ಅಂದರೆ ಟ್ಯಾಂಕುಗಳು ಮುಂದೆ ಹೋಗಿ ತೂತು ಕೊರೆಯಬೇಕು, ಕಾಲಾಳುಗಳು ಆ ತೂತಿನಲ್ಲಿ ನುಗ್ಗಬೇಕು. ಇದನ್ನು ಯಾವ ನಿಯಮವೂ ನಿಮಗೆ ಪಾಠ ಮಾಡಿ ಹೇಳುವುದಿಲ್ಲ, ಸರದಿಯ ಕ್ರಮದಿಂದಲೇ ಅರ್ಥ ಆಗುತ್ತದೆ. ಮಧ್ಯದಲ್ಲಿ ಕೆಸರಿನ ಸರದಿಗಳು ಬರುತ್ತವೆ, ಆಗ ಎಲ್ಲವೂ ನಿಂತೇ ಹೋದಂತೆ ಆಗುತ್ತದೆ.

ಈ ಬಗೆಯ ಆಟದ ರುಚಿ ಇರುವುದು ದಾಳಿ ಮಾಡುವವನ ಬಲ ತಡೆಯುವವನ ಬಲದ ಎಷ್ಟು ಪಟ್ಟು ಅನ್ನುವ ಅನುಪಾತದ ಲೆಕ್ಕದಲ್ಲಿ. ಎದುರಾಳಿಯ ದಳದ ಬಲ 4 ಅಂತಿಟ್ಟುಕೊಳ್ಳಿ, ನೀವು ಸೇರಿಸಿದ ಬಲ 11. ಅದು ಮೂರಕ್ಕೆ ಒಂದು ಆಗುವುದಿಲ್ಲ. ಭಿನ್ನರಾಶಿಯನ್ನು ರಕ್ಷಣೆ ಮಾಡುವವನ ಪರವಾಗಿ ಬಿಟ್ಟುಬಿಡುವುದರಿಂದ ಎರಡಕ್ಕೆ ಒಂದು ಮಾತ್ರ. ಇನ್ನೊಂದೇ ಒಂದು ಪಾಯಿಂಟ್ ಬೇಕು. ಅದಕ್ಕಾಗಿ ಪಕ್ಕದ ದಳವನ್ನು ಎಳೆದು ತಂದರೆ ಅಲ್ಲಿ ಬಾಗಿಲು ತೆರೆದುಕೊಳ್ಳುತ್ತದೆ, ಮುಂದಿನ ಸರದಿಗೆ ಎದುರಾಳಿ ಅಲ್ಲಿಂದಲೇ ಒಳಗೆ ಬರುತ್ತಾನೆ. ಆ ಒಂದು ಪಾಯಿಂಟ್‌ಗಾಗಿ ನಕ್ಷೆಯನ್ನು ದಿಟ್ಟಿಸಿ ನೋಡುತ್ತಾ ಕೂರುವುದು ನಿಮಗೆ ಇಷ್ಟ ಆದರೆ ನೀವು ಈ ಹವ್ಯಾಸಕ್ಕೆ ಸೇರಿದವರು ಅಂತಲೇ ಲೆಕ್ಕ. ಬೇಜಾರಾದರೆ ಹೆಕ್ಸ್ ಆಟಗಳನ್ನು ಪಕ್ಕಕ್ಕಿಡಿ, ಬೇರೆ ಬಹಳ ಇವೆ.

ಆಗ ನಾನು ಕೊಡುವುದು ಅನ್‌ಡಾಂಟೆಡ್: ನಾರ್ಮಂಡಿ. 2019ರಲ್ಲಿ ಬಂತು, ಡೇವಿಡ್ ಥಾಂಪ್ಸನ್ ಮತ್ತು ಟ್ರೆವರ್ ಬೆಂಜಮಿನ್ ಮಾಡಿದ್ದು. ಇದು ಇಸ್ಪೀಟಿನ ಕಟ್ಟಿನಂತೆ ಕಾರ್ಡ್ ಕಟ್ಟು ಬೆಳೆಸುವ ಆಟ. ನಿಮ್ಮ ತುಕಡಿಯ ಒಬ್ಬೊಬ್ಬ ಸೈನಿಕನೂ ಒಂದೊಂದು ಕಾರ್ಡ್, ಅವನಿಗೊಂದು ಹೆಸರು, ಮುಖ. ಮೇಜಿನ ಮೇಲಿನ ಕೌಂಟರ್‌ಗೆ ಗುಂಡು ತಗುಲಿದರೆ ಆ ದಳದ ಒಂದು ಕಾರ್ಡ್ ಆಟದಿಂದಲೇ ಹೊರಗೆ ಹೋಗುತ್ತದೆ. ಕೈಯಲ್ಲಿದ್ದರೆ ಕೈಯಿಂದ, ಇಲ್ಲದಿದ್ದರೆ ಆಡಿದ ರಾಶಿಯಿಂದ, ಅಲ್ಲೂ ಇಲ್ಲದಿದ್ದರೆ ಕಟ್ಟಿನಿಂದ. ಏಟು ಬಿದ್ದ ದಳದ ಕಾರ್ಡ್ ಕೈಗೆ ಬರುವುದೇ ಅಪರೂಪ ಆಗುತ್ತದೆ. ಅಂದರೆ ಆ ದಳ ನಿಮ್ಮ ಮಾತು ಕೇಳುವುದು ಕಡಿಮೆಯಾಗುತ್ತದೆ. ಸೈನಿಕರ ಧೈರ್ಯ ಕುಗ್ಗುವುದನ್ನು ಅಂಕಿಗಳ ಒಂದೂ ಪಟ್ಟಿ ಇಲ್ಲದೆ ಹೀಗೆ ತೋರಿಸಿದ್ದಾರಲ್ಲ, ಅದಕ್ಕೆ ನನಗೆ ಇದರ ಮೇಲೆ ತುಂಬಾ ಪ್ರೀತಿ.

ಮೆಮೋರ್ 44 ಕೂಡ ಒಳ್ಳೆಯದು. ರಿಚರ್ಡ್ ಬೋರ್ಗ್ ಅವರ ಆಟ, 2004ರದ್ದು. ಎಡ, ಮಧ್ಯ, ಬಲ ಅಂತ ಮೂರು ಭಾಗ, ಕೈಯಲ್ಲಿರುವ ಕಾರ್ಡ್ ಯಾವ ಭಾಗದ್ದೋ ಅಲ್ಲಿಗೆ ಮಾತ್ರ ಆಜ್ಞೆ. ಬೇಗ ಕಲಿಯಬಹುದು. ಆದರೆ ಬೇಕಾದ ಭಾಗದ ಕಾರ್ಡೇ ಬರದಿದ್ದರೆ ಸಿಟ್ಟು ಬರುತ್ತದೆ.

ಎದುರಾಳಿಯ ಬಲ ಎಷ್ಟು ಅಂತ ಗೊತ್ತಿಲ್ಲದೆ ತೀರ್ಮಾನ ಮಾಡುವುದು ಇಷ್ಟವಾ? ಹಾಗಿದ್ದರೆ ಮರದ ಬ್ಲಾಕ್ ಇರುವ ಆಟಗಳನ್ನು ನೋಡಿ. ಬ್ಲಾಕ್ ನಿಮ್ಮ ಕಡೆ ಮುಖ ಮಾಡಿ ನಿಂತಿರುತ್ತದೆ, ಎದುರಿನವನಿಗೆ ಕಾಣುವುದು ಬೆನ್ನು ಮಾತ್ರ. ಏಟು ಬಿದ್ದಾಗ ಬ್ಲಾಕನ್ನು ತಿರುಗಿಸಿ ಬಲ ಇಳಿಸುತ್ತೀರಿ. 2002ರ ಹ್ಯಾಮರ್ ಆಫ್ ದ ಸ್ಕಾಟ್ಸ್ ನನ್ನ ಮೆಚ್ಚಿನದು. ಅದರಲ್ಲಿ ಸ್ಕಾಟ್ಲೆಂಡಿನ ಸರದಾರರು ಸೋತಾಗ ಸಾಯುವುದಿಲ್ಲ, ಪಕ್ಷ ಬದಲಿಸುತ್ತಾರೆ. ಹೋದ ಸರದಿಯಲ್ಲಿ ನಿಮ್ಮ ಪಕ್ಕ ನಿಂತು ಕಾದಾಡಿದವನೇ ಈಗ ನಿಮ್ಮ ಎದುರು ನಿಂತಿರುತ್ತಾನೆ.

ಇನ್ನು ಟ್ವಿಲೈಟ್ ಸ್ಟ್ರಗಲ್. ಆನಂದ ಗುಪ್ತಾ ಮತ್ತು ಜೇಸನ್ ಮ್ಯಾಥ್ಯೂಸ್, 2005. ಶೀತಲ ಸಮರ, 1945ರಿಂದ 1989ರವರೆಗೆ. ಇದರ ತಿರುಳು ಒಂದೇ: ನಿಮ್ಮ ಕೈಗೆ ಬಂದ ಕಾರ್ಡುಗಳಲ್ಲಿ ಎಷ್ಟೋ ಎದುರಾಳಿಗೆ ಲಾಭ ತರುವಂಥವು. ಅದನ್ನು ನೀವು ಆಡಿದರೆ ಅವನ ಘಟನೆ ನಡೆದೇ ನಡೆಯುತ್ತದೆ. ಹಾಗಾದರೆ ಯಾವಾಗ ಆಡಿದರೆ ನಷ್ಟ ಕಡಿಮೆ? ಆಟದ ಉದ್ದಕ್ಕೂ ಇದೇ ಚಿಂತೆ. ಒಂದೇ ಎಚ್ಚರಿಕೆ, ಕಾರ್ಡುಗಳು ಬಾಯಿಪಾಠ ಆದವನ ಎದುರು ಹೊಸಬರನ್ನು ಕೂರಿಸಬೇಡಿ. ಇಬ್ಬರೂ ಹೊಸಬರಾಗಿ ಕೂತು ಆಡಿದರೆ ಮಾತ್ರ ಇದು ಖುಷಿ ಕೊಡುತ್ತದೆ.

ಸಣ್ಣ ಬೊಂಬೆಗಳನ್ನಿಟ್ಟು ಆಡುವ ಮಿನಿಯೇಚರ್ ಆಟಗಳ ಬಗ್ಗೆ ಯಾರಾದರೂ ಕೇಳಿದರೆ ಆಮೇಲೆ ಬರೆಯುತ್ತೇನೆ. ಆರ್‌ಪಿಜಿ ಬಗ್ಗೆ ಮುಂದಿನ ಪೋಸ್ಟ್.

ದಾಳಪ್ರಿಯ:

ಆರ್‌ಪಿಜಿ.

ಎಲ್ಲರೂ ಹೇಳುವ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದದ್ದು, ಐದನೇ ಆವೃತ್ತಿ 2014ರಲ್ಲಿ ಬಂತು, 2024ರಲ್ಲಿ ಪರಿಷ್ಕರಣೆ ಆಯಿತು. ಕೆಟ್ಟ ಆಟ ಅಲ್ಲವೇ ಅಲ್ಲ. ಮೂಲ ನಿಯಮಗಳು ಉಚಿತ. ಜೊತೆಗೆ ಆಡುವವರು ಬೇಗ ಸಿಗುತ್ತಾರೆ, ಅದು ದೊಡ್ಡ ಅನುಕೂಲ. ಆದರೆ ಅಲ್ಲಿ ನೀವು ಮಾಡುವ ತೀರ್ಮಾನ ಬಹುಪಾಲು ಕಾದಾಟದ ತೀರ್ಮಾನ. ಯಾವ ಮಂತ್ರ ಈಗ ಖರ್ಚು ಮಾಡಲಿ, ಯಾವುದನ್ನು ಉಳಿಸಿಕೊಳ್ಳಲಿ, ಎಲ್ಲಿ ನಿಲ್ಲಲಿ. ಅದು ಬೇಕು ಅನ್ನುವವರು ಖಂಡಿತ ಆಡಿ. ಅದನ್ನೇ ಇನ್ನಷ್ಟು ಬಿಗಿಯಾಗಿ ಬಯಸುವವರಿಗೆ ಪಾತ್‌ಫೈಂಡರ್‌ನ ಎರಡನೇ ಆವೃತ್ತಿ ಇದೆ, 2019ರದ್ದು. ಪ್ರತಿ ಸರದಿಗೆ ಮೂರು ಕ್ರಿಯೆ, ಮೂರನ್ನೂ ಹೇಗೆ ಬಳಸಬೇಕು ಅನ್ನುವುದು ನಿಮಗೆ ಬಿಟ್ಟದ್ದು.

ಒಗಟು, ಪತ್ತೇದಾರಿ, ಭಯ ಬೇಕಿದ್ದರೆ ಕಾಲ್ ಆಫ್ ಕ್ತುಲು. ಸ್ಯಾಂಡಿ ಪೀಟರ್ಸನ್, 1981. ನೂರರ ದಾಳ, ಅಂದರೆ 1ರಿಂದ 100ರವರೆಗೆ ಬೀಳಬಹುದು. ಗ್ರಂಥಾಲಯ ಜಾಲಾಡುವ ಕೌಶಲ 60 ಅಂತಿದ್ದರೆ 60 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಗೆಲುವು, ಅಷ್ಟೇ. ಯಾರಿಗೂ ಎರಡು ಸಲ ವಿವರಿಸುವ ಅಗತ್ಯ ಬೀಳುವುದಿಲ್ಲ. ಏಳನೇ ಆವೃತ್ತಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದಿದೆ. ದಾಳ ಸೋತಾಗ "ಇನ್ನೊಂದು ಸಲ ಪ್ರಯತ್ನ ಮಾಡುತ್ತೇನೆ" ಅಂತ ಹೇಳಬಹುದು. ಆದರೆ ಹೇಗೆ ಅಂತ ವಿವರಿಸಬೇಕು, ಮತ್ತೆ ಸೋತರೆ ಆಗುವ ಪರಿಣಾಮ ಮೊದಲಿಗಿಂತ ಭಾರಿ. ಬೀಗ ತೆರೆಯಲಿಲ್ಲ, ಕಾರಿಡಾರಿನಲ್ಲಿ ಹೆಜ್ಜೆ ಸದ್ದು ಕೇಳುತ್ತಿದೆ, ಇನ್ನೊಂದು ಸಲ ಜೋರಾಗಿ ತಿರುಚಲಾ? ದಾಳ ಎಸೆಯುವ ಮೊದಲೇ ಮೇಜಿನ ಸುತ್ತ ಎಲ್ಲರೂ ಸುಮ್ಮನಾಗುತ್ತಾರೆ.

ಕಳ್ಳರ ಕಥೆ ಬೇಕಿದ್ದರೆ ಬ್ಲೇಡ್ಸ್ ಇನ್ ದ ಡಾರ್ಕ್. ಜಾನ್ ಹಾರ್ಪರ್, 2017. ಎಲ್ಲಾ ಆರ್‌ಪಿಜಿಗಳಲ್ಲೂ ಒಂದು ರೋಗ ಇದೆ, ಯಾವುದಾದರೂ ಕೋಟೆಗೋ ಬಂಗಲೆಗೋ ನುಗ್ಗುವ ಮೊದಲು ಎರಡು ಗಂಟೆ ಯೋಜನೆ ಮಾಡುತ್ತಾ ಕೂರುವುದು. ಈ ಆಟ ಅದನ್ನು ಬೇರು ಸಮೇತ ಕಿತ್ತುಹಾಕುತ್ತದೆ. ಯೋಜನೆಯ ಬಗೆ ಒಂದು ಹೇಳಿ, ಒಂದು ವಿವರ ಕೊಡಿ, ದಾಳ ಎಸೆಯಿರಿ, ನೀವು ಆಗಲೇ ಒಳಗಿದ್ದೀರಿ. ಒಳಗೆ ಕಾವಲುಗಾರ ಅಡ್ಡ ಬಂದ. ಆಗ ನೀವು "ನಿನ್ನೆಯೇ ಇವನಿಗೆ ಲಂಚ ಕೊಟ್ಟಿದ್ದೆ" ಅಂತ ಹಿಂದಕ್ಕೆ ಹೋಗಿ ಆ ದೃಶ್ಯ ಆಡಬಹುದು, ಅದಕ್ಕೆ ಒತ್ತಡದ ಪಾಯಿಂಟ್ ತೆರಬೇಕು. ಚೀಲದಲ್ಲಿ ಏನಿದೆ ಅಂತ ಕೂಡ ಮೊದಲೇ ಬರೆಯಬೇಕಿಲ್ಲ. ಬೇಕಾದಾಗ "ಹಗ್ಗ ತಂದಿದ್ದೇನೆ" ಅಂದರೆ ಸಾಕು, ಹೊರುವ ಭಾರದ ಮಿತಿಯೊಳಗೆ ಇರಬೇಕು ಅಷ್ಟೆ.

ನಿಯಮ ಕಡಿಮೆ ಇರಲಿ, ಆದರೆ ಸಾವು ಹತ್ತಿರ ಇರಲಿ ಅನ್ನುವವರಿಗೆ ಕೇರ್ನ್. ಯೋಖಾಯ್ ಗಾಲ್ 2020ರಲ್ಲಿ ಬರೆದದ್ದು, ಉಚಿತ. ಬಲ, ಚುರುಕು, ಮನೋಬಲ ಅಂತ ಮೂರೇ ಗುಣ. ಏಟು ತಾಗಿತೋ ಇಲ್ಲವೋ ಅಂತ ದಾಳವೇ ಇಲ್ಲ, ಕತ್ತಿ ಬೀಸಿದರೆ ತಗುಲಿತು ಅಂತಲೇ ಲೆಕ್ಕ, ಹಾನಿ ಎಷ್ಟು ಅನ್ನುವುದಕ್ಕೆ ಮಾತ್ರ ದಾಳ. ಇದು ಸಣ್ಣ ಬದಲಾವಣೆ ಅನ್ನಿಸಬಹುದು. ಆಡಿ ನೋಡಿ, ಜಗಳಕ್ಕೆ ಇಳಿಯುವ ಮೊದಲು ಎಲ್ಲರೂ ಯೋಚಿಸಲು ಶುರು ಮಾಡುತ್ತಾರೆ. ಮಾತಾಡಿ ಬಿಡಿಸಿಕೊಳ್ಳಬಹುದಾ, ಬಂಡೆ ಉರುಳಿಸಬಹುದಾ, ಓಡಬಹುದಾ?

ಹೊಸಬ:

ತುಂಬಾ ಚೆನ್ನಾಗಿ ಬರೆದಿದ್ದೀರಿ ಸರ್. ನಾವು ನಾಲ್ಕು ಜನ ಗೆಳೆಯರು. ಎಲ್ಲರಿಗೂ ಆರ್‌ಪಿಜಿ ಆಡುವ ಆಸೆ, ಆದರೆ ಆಟ ನಡೆಸಿಕೊಡುವ ಗೇಮ್ ಮಾಸ್ಟರ್ ಆಗಲು ಯಾರೂ ಮುಂದೆ ಬರುತ್ತಿಲ್ಲ. ಪುಸ್ತಕ ನೋಡಿದರೇ ಭಯ ಆಗುತ್ತದೆ. ಮೂರು ಗಂಟೆ ಸಮಯ ಸಿಕ್ಕರೆ ಹೆಚ್ಚು. ನಮ್ಮಂಥವರಿಗೆ ಏನಾದರೂ ಇದೆಯಾ?

ದಾಳಪ್ರಿಯ:

ಸರ್ ಎಲ್ಲ ಬೇಡ, ಹೆಸರು ಹಿಡಿದೇ ಕರೆಯಿರಿ. ನಿಮ್ಮಂಥವರಿಗೇ ಮಾಡಿದ ಹಾಗಿರುವ ಆಟಗಳು ಇವೆ.

ಫಿಯಾಸ್ಕೋ, ಜೇಸನ್ ಮಾರ್ನಿಂಗ್‌ಸ್ಟಾರ್, 2009. ಮೂರರಿಂದ ಐದು ಜನ, ಗೇಮ್ ಮಾಸ್ಟರ್ ಬೇಕಿಲ್ಲ, ಮೊದಲೇ ತಯಾರಿಯೂ ಬೇಡ. ಆಸೆ ದೊಡ್ಡದು, ಬುದ್ಧಿ ಕಡಿಮೆ ಇರುವ ಜನ ಸೇರಿ ಎಲ್ಲವನ್ನೂ ಹಾಳು ಮಾಡಿಕೊಳ್ಳುವ ಕಥೆ. ಪಕ್ಕಪಕ್ಕ ಕೂತವರ ಪಾತ್ರಗಳ ನಡುವೆ ಒಂದೊಂದು ಸಂಬಂಧ ದಾಳದಿಂದ ಬರುತ್ತದೆ, ಒಬ್ಬರಿಗೆ ಇನ್ನೊಬ್ಬರಿಂದ ಏನೋ ಬೇಕಾಗಿರುತ್ತದೆ. ಅಲ್ಲಿಂದ ಮುಂದೆ ಕಥೆ ತಾನಾಗಿ ಉರುಳುತ್ತದೆ. ಒಬ್ಬರಾದರೂ ನಾಟಕದ ಹಾಗೆ ಮಾತಾಡಲು ಹಿಂಜರಿಯದವರು ಇದ್ದರೆ ಒಳ್ಳೆಯದು.

ನಾಚಿಕೆಯವರು ಜಾಸ್ತಿ ಇದ್ದರೆ ದ ಕ್ವೈಟ್ ಇಯರ್. ಏವರಿ ಆಲ್ಡರ್, 2013. ಎಲ್ಲರೂ ಸೇರಿ ಒಂದು ಹಾಳೆಯ ಮೇಲೆ ಒಂದು ಸಮುದಾಯದ ನಕ್ಷೆ ಬಿಡಿಸುತ್ತೀರಿ. ಇಸ್ಪೀಟು ಕಟ್ಟಿನ 52 ಎಲೆ, ಒಂದೊಂದು ಎಲೆ ಒಂದೊಂದು ವಾರ. ನಿಮ್ಮ ವಾರ ಬಂದಾಗ ಎಲೆ ತೆಗೆದು ಅದರ ಪ್ರಶ್ನೆಗೆ ಉತ್ತರ ಹೇಳುತ್ತೀರಿ, ಆಮೇಲೆ ಒಂದು ಕೆಲಸ ಶುರು ಮಾಡಬಹುದು, ಹೊಸದೇನನ್ನಾದರೂ ಕಂಡುಹಿಡಿಯಬಹುದು, ಇಲ್ಲವೇ ಚರ್ಚೆಗೆ ಕರೆಯಬಹುದು. ಚರ್ಚೆಯಲ್ಲಿ ಪ್ರತಿಯೊಬ್ಬರಿಗೂ ಒಂದೇ ಸಲ ಮಾತು, ಅದೂ ಒಂದೆರಡು ವಾಕ್ಯ. ತೀರ್ಮಾನವೂ ಆಗುವುದಿಲ್ಲ. ಯಾರದೋ ಕೆಲಸ ನಿಮಗೆ ಅನ್ಯಾಯ ಅನ್ನಿಸಿದರೆ ಅಸಮಾಧಾನದ ಒಂದು ಬಿಲ್ಲೆ ತೆಗೆದುಕೊಂಡು ನಿಮ್ಮ ಮುಂದೆ ಇಟ್ಟುಕೊಳ್ಳುತ್ತೀರಿ, ಅಷ್ಟೇ, ಮಾತಿಲ್ಲ. ಆ ಬಿಲ್ಲೆಗಳು ರಾಶಿ ಬೀಳುವುದನ್ನು ನೋಡಬೇಕು. ಇಸ್ಪೇಟಿನ ರಾಜ ಬಂದಾಗ ಆಟ ಅಲ್ಲಿಗೇ ನಿಲ್ಲುತ್ತದೆ. ಯಾವ ಕೆಲಸ ಅರ್ಧಕ್ಕೆ ನಿಂತಿದೆಯೋ ಅದು ಅರ್ಧಕ್ಕೇ. ಸಮಯ ಕಡಿಮೆ ಇದ್ದರೆ ಕಟ್ಟಿನಿಂದ ಕೆಲವು ಎಲೆ ತೆಗೆದಿಟ್ಟು ಆಡಬಹುದು.

ಷಟ್ಕೋನ:

ನಿಮ್ಮ "ತೀರ್ಮಾನ ನೋಡಿ ಆರಿಸಿ" ಅನ್ನುವ ವಾದ ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. ವಾರ್ ಗೇಮ್ ಆಡುವ ಎಷ್ಟೋ ಜನ ಬರುವುದೇ ಇತಿಹಾಸಕ್ಕಾಗಿ. ನನಗೆ ಎರಡನೇ ಮಹಾಯುದ್ಧದ ಪೂರ್ವ ರಣರಂಗದ ಮೇಲೆ ಆಸಕ್ತಿ ಇದ್ದರೆ ಅದೇ ಆಟ ಬೇಕು. ತೀರ್ಮಾನ ಚೆನ್ನಾಗಿದೆ ಅಂತ ಸ್ಕಾಟ್ಲೆಂಡಿನ ಆಟ ಕೊಟ್ಟರೆ ನಾನ್ಯಾಕೆ ಆಡಲಿ? ಇನ್ನೊಂದು ವಿಷಯ, ಆರ್‌ಪಿಜಿಯನ್ನೂ ವಾರ್ ಗೇಮನ್ನೂ ಒಂದೇ ಕಡೆ ತುರುಕಿದ್ದು ಸರಿ ಅನ್ನಿಸಲಿಲ್ಲ. ಎರಡಕ್ಕೂ ಏನು ಸಂಬಂಧ?

ದಾಳಪ್ರಿಯ:

ಎರಡನೆಯದಕ್ಕೆ ಮೊದಲು ಉತ್ತರ. ಸಂಬಂಧ ಇದೆ, ಅದೂ ತುಂಬಾ ಹತ್ತಿರದ್ದು.

ಪ್ರಷ್ಯಾದಲ್ಲಿ ರೈಸ್‌ವಿಟ್ಜ್ ತಂದೆ ಮಗ ಸೇರಿ ಬೆಳೆಸಿದ ಕ್ರೀಗ್ಸ್‌ಪೀಲ್ ಅನ್ನುವ ಯುದ್ಧದ ಆಟ ಇದೆಯಲ್ಲ, ಮಗ ಅದನ್ನು 1824ರಲ್ಲಿ ಸೈನ್ಯಕ್ಕೆ ಒಪ್ಪಿಸಿದ. ಅದರಲ್ಲಿ ಎರಡೂ ಪಕ್ಷದವರ ಮಧ್ಯೆ ಒಬ್ಬ ಅಂಪೈರ್ ಇರುತ್ತಿದ್ದ. ಆಟಗಾರ ತನ್ನ ಆಜ್ಞೆಯನ್ನು ಅಂಪೈರ್‌ಗೆ ಕೊಡಬೇಕು, ಅವನು ಲೆಕ್ಕ ಹಾಕಿ, ದಾಳ ಎಸೆದು, ಆಟಗಾರನ ಕಣ್ಣಿಗೆ ಬೀಳಬಹುದಾದಷ್ಟನ್ನು ಮಾತ್ರ ತೋರಿಸಬೇಕು. ಇದು ಗೇಮ್ ಮಾಸ್ಟರ್ ಮಾಡುವ ಕೆಲಸವೇ ಅಲ್ವಾ? ಆಮೇಲೆ 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಡೇವಿಡ್ ವೆಸ್ಲಿ ನೆಪೋಲಿಯನ್ ಕಾಲದ ಒಂದು ಆಟ ಏರ್ಪಡಿಸಿದರು, ಬ್ರೌನ್‌ಸ್ಟೈನ್ ಅಂತ. ಸೈನ್ಯದ ದಳಗಳ ಬದಲು ಆ ಊರಿನ ಒಬ್ಬೊಬ್ಬ ವ್ಯಕ್ತಿಯನ್ನು ಒಬ್ಬೊಬ್ಬ ಆಟಗಾರನಿಗೆ ಕೊಟ್ಟರು, ಒಬ್ಬೊಬ್ಬನಿಗೂ ತನ್ನದೇ ಗುರಿ. ಆ ಗುಂಪಿನಲ್ಲಿ ಇದ್ದವರೇ ಡೇವ್ ಆರ್ನೆಸನ್. ಅವರ ಬ್ಲ್ಯಾಕ್‌ಮೂರ್ ಆಟ ಹುಟ್ಟಿದ್ದು ಅಲ್ಲಿಂದ. ಇನ್ನೊಂದು ಕಡೆ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಚೈನ್‌ಮೇಲ್ ಅಂತ ಮಿನಿಯೇಚರ್ ಯುದ್ಧದ ನಿಯಮ ತಂದಿದ್ದರು, ಅದರ ಕೊನೆಗೆ ಮಾಂತ್ರಿಕರು, ಡ್ರ್ಯಾಗನ್ ಎಲ್ಲ ಇದ್ದವು. ಎರಡೂ ಸೇರಿ 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಹಾಗಾಗಿ ನಾನು ಇವೆರಡನ್ನೂ ಬೇರೆ ಮಾಡುವುದಿಲ್ಲ.

ಇತಿಹಾಸದ ವಿಷಯಕ್ಕೆ ಬಂದರೆ, ನಿಮ್ಮ ಮಾತು ಸರಿ. ಆಸಕ್ತಿ ಇಲ್ಲದ ಯುದ್ಧವನ್ನು ಯಾರೂ ಮೂರು ಗಂಟೆ ಆಡುವುದಿಲ್ಲ. ನಾನು ಹೇಳುವುದು, ನಿಮ್ಮ ಆಸಕ್ತಿಯ ಯುದ್ಧದ ಮೇಲೇ ಹತ್ತಾರು ಆಟ ಇರುವಾಗ ಅವುಗಳಲ್ಲಿ ಯಾವುದು ಅಂತ ಆರಿಸಲು ಇದನ್ನು ನೋಡಿ ಅಂತ. ಮತ್ತೆ ಇತಿಹಾಸ ಗೊತ್ತಾಗುವುದೂ ತೀರ್ಮಾನದ ಮೂಲಕವೇ. ಜಿಎಂಟಿ ಅನ್ನುವ ಪ್ರಕಾಶಕರ ಕಾಯಿನ್ ಸರಣಿ ನೋಡಿ, ದಂಗೆ ಮತ್ತು ಅದನ್ನು ಹತ್ತಿಕ್ಕುವುದರ ಮೇಲಿನ ಆಟಗಳು. ವೋಲ್ಕೋ ರೂನ್ಕೆ 2012ರಲ್ಲಿ ಆಂಡಿಯನ್ ಅಬಿಸ್ ಜೊತೆ ಶುರು ಮಾಡಿದ್ದು. ಅದೇ ಸರಣಿಯಲ್ಲಿ 2019ರಲ್ಲಿ ಬ್ರೂಸ್ ಮ್ಯಾನ್ಸ್‌ಫೀಲ್ಡ್ ಮಾಡಿದ ಗಾಂಧಿ ಬಂತು, 1917ರಿಂದ 1947ರವರೆಗಿನ ಭಾರತ. ಬ್ರಿಟಿಷ್ ರಾಜ್, ಕಾಂಗ್ರೆಸ್, ಮುಸ್ಲಿಂ ಲೀಗ್, ಕ್ರಾಂತಿಕಾರಿಗಳು, ಹೀಗೆ ನಾಲ್ಕು ಪಕ್ಷ, ನಾಲ್ಕಕ್ಕೂ ಬೇರೆ ಬೇರೆ ಕ್ರಿಯೆ, ಬೇರೆ ಬೇರೆ ಗೆಲುವಿನ ಲೆಕ್ಕ. ಯುದ್ಧದ ಆಟಕ್ಕೆಂದು ಕಟ್ಟಿದ ಚೌಕಟ್ಟಿನಲ್ಲಿ ಅಹಿಂಸೆಯ ಪಕ್ಷವನ್ನು ಆಡಿಸಿದ್ದಾರೆ. ಕಾಂಗ್ರೆಸ್ ಕಡೆ ಕೂತಾಗ ಗುಂಡು ಹೊಡೆಯುವ ಆಯ್ಕೆಯೇ ನಿಮ್ಮ ಮುಂದೆ ಇಲ್ಲ, ಆದರೂ ರಾಜ್ ಮೇಲೆ ಒತ್ತಡ ಹಾಕಬೇಕು. ಹೇಗೆ? ಆ ಪ್ರಶ್ನೆಯ ಎದುರು ಕೂತಾಗ ಆ ಕಾಲ ಬೇರೆಯದೇ ರೀತಿಯಲ್ಲಿ ಅರ್ಥ ಆಗುತ್ತದೆ.

ಷಟ್ಕೋನ:

ಗಾಂಧಿ ಬಗ್ಗೆ ಒಪ್ಪಿದೆ. ಆದರೆ ಹೊಸಬರಿಗೆ ಅದು ಕಷ್ಟ.

ದಾಳಪ್ರಿಯ:

ಹೌದು, ಕಷ್ಟವೇ. ಒಂದೆರಡು ಸಣ್ಣ ಆಟ ಆಡಿದ ಮೇಲೆ ಮುಟ್ಟಿ. ದೊಡ್ಡ ಆಟ ಅಂದರೆ ಒಳ್ಳೆಯ ಆಟ ಅಂತ ಭಾವಿಸುವವರೂ ಇದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ. 1979ರ ದ ಕ್ಯಾಂಪೇನ್ ಫಾರ್ ನಾರ್ತ್ ಆಫ್ರಿಕಾ ಬಗ್ಗೆ ಎಲ್ಲರೂ ಕೇಳಿರುತ್ತೀರಿ. ಇಟಲಿಯ ಸೈನಿಕರು ಪಾಸ್ತಾ ಬೇಯಿಸಲು ಹೆಚ್ಚಿನ ನೀರು ಬೇಕು ಅನ್ನುವ ನಿಯಮ ಇರುವ ಆಟ ಅದು. ಪೂರ್ತಿ ಮುಗಿಸಲು ಸಾವಿರ ಗಂಟೆಗೂ ಹೆಚ್ಚು ಬೇಕು ಅಂತ ಹೇಳುತ್ತಾರೆ. ಓದಲು ಸ್ವಾರಸ್ಯ ಇದೆ. ಆಡಲು ಹೇಳುವುದಿಲ್ಲ.

ಬಣ್ಣದ ಕುಂಚ:

ಮಿನಿಯೇಚರ್ ಬಗ್ಗೆ ಕೇಳಿದರೆ ಬರೆಯುತ್ತೇನೆ ಅಂದಿದ್ದಿರಿ. ಕೇಳುತ್ತಿದ್ದೇನೆ! ನನಗೆ ಬೊಂಬೆಗಳಿಗೆ ಬಣ್ಣ ಹಚ್ಚುವುದು ಇಷ್ಟ, ಆದರೆ ನೂರಾರು ಬೊಂಬೆ ಸೇರಿಸುವ ತಾಳ್ಮೆ ಇಲ್ಲ. ವಾರ್‌ಹ್ಯಾಮರ್ 40,000 ನೋಡಿದೆ, ಅದರ ಗಾತ್ರ ಕಂಡೇ ಹೆದರಿದೆ.

ದಾಳಪ್ರಿಯ:

ಹೆದರಬೇಡಿ. ಕಡಿಮೆ ಬೊಂಬೆ ಬೇಡುವ ಆಟಗಳೇ ನನಗೂ ಇಷ್ಟ.

ಫ್ರಾಸ್ಟ್‌ಗ್ರೇವ್, ಜೋಸೆಫ್ ಮೆಕಲಫ್, 2015. ಒಬ್ಬ ಮಾಂತ್ರಿಕ, ಒಬ್ಬ ಶಿಷ್ಯ, ಜೊತೆಗೆ ಕೂಲಿ ಸೈನಿಕರು, ಎಲ್ಲಾ ಸೇರಿ ಹತ್ತು ಬೊಂಬೆ ಇದ್ದರೆ ಆಯಿತು. ಹಿಮದಲ್ಲಿ ಹೂತ ನಗರದಿಂದ ನಿಧಿ ಹೊತ್ತು ತರಬೇಕು. ಎದುರಾಳಿಯನ್ನು ಕೊಲ್ಲುವುದಕ್ಕಿಂತ ನಿಧಿ ಹೊತ್ತವನನ್ನು ಅಂಚಿಗೆ ತಲುಪಿಸುವುದು ಮುಖ್ಯ, ಮತ್ತೆ ನಿಧಿ ಹೊತ್ತವನು ಅರ್ಧ ವೇಗದಲ್ಲಿ ಮಾತ್ರ ನಡೆಯುತ್ತಾನೆ. ಹೀಗಾಗಿ ಪ್ರತಿ ಸರದಿಯಲ್ಲೂ ಯಾರನ್ನು ಕಾವಲಿಗೆ ಬಿಡುವುದು, ಯಾರನ್ನು ಹೊರಲು ಹಾಕುವುದು ಅನ್ನುವ ತೊಳಲಾಟ. ಮುಂದಿನ ಆಟಕ್ಕೆ ನಿಮ್ಮ ಮಾಂತ್ರಿಕ ಬೆಳೆಯುತ್ತಾನೆ, ಗಾಯವೂ ಉಳಿಯಬಹುದು. ನಿಮ್ಮ ಹತ್ತಿರ ಇರುವ ಯಾವ ಬೊಂಬೆಯಾದರೂ ನಡೆಯುತ್ತದೆ, ಇಂಥದ್ದೇ ಬೇಕು ಅಂತಿಲ್ಲ.

ಇತಿಹಾಸದ ಸೈನ್ಯಗಳು ಬೇಕಿದ್ದರೆ ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್, ಡಿಬಿಎ ಅಂತ ಕರೆಯುತ್ತಾರೆ. 1990ರಲ್ಲಿ ಬಂತು, ಫಿಲ್ ಬಾರ್ಕರ್ ಅವರದು. ಎಷ್ಟೇ ದೊಡ್ಡ ಸಾಮ್ರಾಜ್ಯದ ಸೈನ್ಯ ಆದರೂ ಹನ್ನೆರಡು ತುಕಡಿ, ಅಷ್ಟೇ. ಪ್ರತಿ ಸರದಿಗೆ ಒಂದು ದಾಳ ಎಸೆಯುತ್ತೀರಿ, ಬಿದ್ದಷ್ಟು ಆಜ್ಞೆ ಕೊಡಬಹುದು. ಒಟ್ಟಿಗೆ ಸಾಲು ನಿಂತ ತುಕಡಿಗಳು ಒಂದೇ ಆಜ್ಞೆಗೆ ಚಲಿಸುತ್ತವೆ. ಆದರೆ ಸಾಲು ಒಡೆದು ಹೋದ ಮೇಲೆ ಒಂದೊಂದಕ್ಕೂ ಒಂದೊಂದು ಆಜ್ಞೆ ಬೇಕು. ಮೊದಲ ಡಿಕ್ಕಿ ಆದ ಮೇಲೆ ಸೇನಾಪತಿಯ ಕೈಯಿಂದ ಯುದ್ಧ ಹೇಗೆ ಜಾರುತ್ತದೆ ಅನ್ನುವುದನ್ನು ಒಂದು ದಾಳದಿಂದ ತೋರಿಸಿಬಿಟ್ಟಿದ್ದಾರೆ. ರೂಲ್‌ಬುಕ್ ಭಾಷೆ ಮಾತ್ರ ತುಂಬಾ ಬಿಗಿ. ಮೊದಲ ಸಲ ಗೊತ್ತಿರುವವರ ಪಕ್ಕ ಕೂತು ಕಲಿಯಿರಿ.

ಸಾಂಗ್ ಆಫ್ ಬ್ಲೇಡ್ಸ್ ಅಂಡ್ ಹೀರೋಸ್ ಕೂಡ ನೋಡಿ, ಆಂಡ್ರಿಯಾ ಸ್ಫಿಲಿಗೋಯ್ ಅವರದು, 2007. ಒಂದು ಬೊಂಬೆಯನ್ನು ಚಲಿಸಲು ಒಂದು, ಎರಡು ಅಥವಾ ಮೂರು ದಾಳ, ಎಷ್ಟು ಅಂತ ನೀವೇ ಆರಿಸುತ್ತೀರಿ. ಜಾಸ್ತಿ ದಾಳ ಗೆದ್ದರೆ ಜಾಸ್ತಿ ಕ್ರಿಯೆ, ಆದರೆ ಎರಡು ದಾಳ ಸೋತರೆ ಸರದಿ ಎದುರಾಳಿಗೆ ಹೋಯಿತು. ದುರಾಸೆಗೂ ಎಚ್ಚರಕ್ಕೂ ನಡುವೆ ನಡೆಯುವ ಇಂಥ ತೂಗಾಟ ನನಗೆ ಬೇರೆ ಕಡೆ ಇಷ್ಟು ಚೊಕ್ಕವಾಗಿ ಸಿಕ್ಕಿಲ್ಲ.

ಒಂಟಿ ದಾಳ:

ಜೊತೆಗೆ ಆಡಲು ಯಾರೂ ಇಲ್ಲ ಅನ್ನುವವರ ಬಗ್ಗೆಯೂ ಸ್ವಲ್ಪ ಬರೆಯಿರಿ ಪ್ಲೀಸ್. ಕಂಪ್ಯೂಟರ್ ಬೇಡ, ಮೇಜಿನ ಮೇಲೇ ಆಡಬೇಕು.

ದಾಳಪ್ರಿಯ:

ಇದರ ಬಗ್ಗೆ ಬರೆಯಲೇಬೇಕಿತ್ತು, ಕೇಳಿದ್ದು ಒಳ್ಳೆಯದಾಯಿತು. ಒಬ್ಬರೇ ಆಡುವುದು ಎರಡನೇ ದರ್ಜೆಯ ಆಟ ಅಂತ ದಯವಿಟ್ಟು ಯಾರೂ ತಿಳಿಯಬೇಡಿ.

ಆರ್‌ಪಿಜಿಯಲ್ಲಿ ಐರನ್‌ಸ್ವೋರ್ನ್. ಶಾನ್ ಟಾಮ್ಕಿನ್, 2018, ಪಿಡಿಎಫ್ ಉಚಿತ. ನಿಮ್ಮ ಪಾತ್ರ ಕಬ್ಬಿಣ ಮುಟ್ಟಿ ಒಂದು ಪ್ರತಿಜ್ಞೆ ಮಾಡುತ್ತದೆ, ಆಟ ಅಂದರೆ ಆ ಪ್ರತಿಜ್ಞೆಯ ದಾರಿ. ಆರರ ಒಂದು ದಾಳಕ್ಕೆ ನಿಮ್ಮ ಗುಣದ ಅಂಕ ಸೇರಿಸುತ್ತೀರಿ, ಎದುರಿಗೆ ಹತ್ತರ ಎರಡು ದಾಳ. ಎರಡನ್ನೂ ಮೀರಿದರೆ ಪೂರ್ತಿ ಗೆಲುವು, ಒಂದನ್ನು ಮೀರಿದರೆ ಬೆಲೆ ತೆತ್ತ ಗೆಲುವು, ಎರಡನ್ನೂ ಮೀರದಿದ್ದರೆ ಕಷ್ಟ ಕಾದಿದೆ. ಮುಂದೇನು ಅಂತ ಗೊತ್ತಾಗದಿದ್ದರೆ ಪುಸ್ತಕದ ಕೊನೆಯಲ್ಲಿ ಪ್ರಶ್ನೆ ಕೇಳಿ ದಾಳದಿಂದ ಉತ್ತರ ಪಡೆಯುವ ಪಟ್ಟಿಗಳಿವೆ. "ಈ ಹಳ್ಳಿಯ ಮುಖ್ಯಸ್ಥ ಸುಳ್ಳು ಹೇಳುತ್ತಿದ್ದಾನಾ?" ಅಂತ ಕೇಳಿ, ಸಾಧ್ಯತೆ ಎಷ್ಟು ಅಂತ ನೀವೇ ನಿರ್ಧರಿಸಿ, ದಾಳ ಎಸೆಯಿರಿ. ಹೌದು ಅಂತ ಬಂದರೆ, ಯಾಕೆ ಅನ್ನುವುದನ್ನು ನೀವೇ ಹುಡುಕಬೇಕು. ಒಂದು ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಾ ಹೋಗಿ. ಬರೆಯದೆ ಮನಸ್ಸಿನಲ್ಲೇ ಆಡಿದರೆ ಕಥೆ ಸಡಿಲ ಆಗಿಬಿಡುತ್ತದೆ.

ವಾರ್ ಗೇಮಿನಲ್ಲಿ ಡಿ-ಡೇ ಅಟ್ ಒಮಾಹಾ ಬೀಚ್. ಜಾನ್ ಬಟರ್‌ಫೀಲ್ಡ್, 2009. ಒಬ್ಬರಿಗಾಗಿಯೇ ಮಾಡಿದ್ದು. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಕಡಲತೀರಕ್ಕೆ ಅಮೆರಿಕದ ಸೈನ್ಯ ಇಳಿದ ದಿನದ ಕಥೆ, ನೀವು ಅಮೆರಿಕದ ಕಡೆ. ಜರ್ಮನ್ ಗುಂಡಿನ ದಾಳಿಯನ್ನು ಕಾರ್ಡುಗಳು ನಡೆಸುತ್ತವೆ. ಯಾವ ಬಂಕರ್ ಎಷ್ಟು ದೂರದವರೆಗೆ ಹೊಡೆಯಬಲ್ಲದು ಅಂತ ನಕ್ಷೆಯ ಹೆಕ್ಸ್‌ಗಳ ಮೇಲೆ ಬಣ್ಣದ ಚುಕ್ಕೆಗಳಿವೆ. ಮರಳಿನ ಮೇಲೆ ಇಳಿದ ದಳಗಳು ಮೊದಲ ಸರದಿಗಳಲ್ಲಿ ಸುಮ್ನೆ ಸಾಯುತ್ತವೆ, ನೋಡಲು ಕಷ್ಟ ಆಗುತ್ತದೆ. ಚುಕ್ಕೆ ಇಲ್ಲದ ದಾರಿ ಹುಡುಕಿ ಒಂದು ದಳ ಗುಡ್ಡ ಹತ್ತಿದ ಮೇಲೆ ಆಟದ ಬಣ್ಣವೇ ಬದಲಾಗುತ್ತದೆ. ಗಂಭೀರ ವಿಷಯ, ಗಂಭೀರವಾಗಿಯೇ ಮಾಡಿದ್ದಾರೆ.

ಇನ್ನು ಸಾಮಾನ್ಯ ಇಬ್ಬರ ಹೆಕ್ಸ್ ಆಟವನ್ನೂ ಒಬ್ಬರೇ ಎರಡೂ ಕಡೆ ಕೂತು ಆಡಬಹುದು. ನಕ್ಷೆಯ ಮೇಲೆ ಎಲ್ಲವೂ ಕಾಣುವ ಆಟಕ್ಕೆ ಇದು ಸರಿಹೋಗುತ್ತದೆ. ಕೈಯಲ್ಲಿ ಗುಟ್ಟಿನ ಕಾರ್ಡ್ ಇರುವ ಆಟಕ್ಕೆ ಬೇಡ.

ಇಬ್ಬರ ಅಮ್ಮ:

ನನ್ನ ಮಕ್ಕಳಿಗೆ ಎಂಟು, ಹನ್ನೊಂದು ವರ್ಷ. ಇಬ್ಬರಿಗೂ ಕಥೆ ಅಂದರೆ ಪ್ರಾಣ. ಹೆಚ್ಚು ರಕ್ತಪಾತ ಇಲ್ಲದ ಆರ್‌ಪಿಜಿ ಇದ್ದರೆ ಹೇಳಿ. ನಾನು ಯಾವತ್ತೂ ಆಡಿಸಿಲ್ಲ.

ದಾಳಪ್ರಿಯ:

ಅಮ್ಮನವರೇ, ಮೌಸ್‌ರಿಟರ್ ನೋಡಿ. 2020ರದ್ದು. ನೀವೆಲ್ಲ ಸಣ್ಣ ಇಲಿಗಳು, ಸೂಜಿಯೇ ಕತ್ತಿ, ಬೆಕ್ಕು ಅಂದರೆ ರಾಕ್ಷಸ. ಮಕ್ಕಳಿಗೆ ಇಷ್ಟ ಆಗುವುದು ಸಾಮಾನಿನ ಕಾರ್ಡುಗಳು. ಪಾತ್ರದ ಹಾಳೆಯಲ್ಲಿ ಚೌಕಗಳಿವೆ, ಪಂಜು, ಹಗ್ಗ, ಊಟದ ಗಂಟು ಎಲ್ಲವೂ ಕತ್ತರಿಸಿದ ಪುಟ್ಟ ಕಾರ್ಡುಗಳು, ಅವನ್ನು ಚೌಕದಲ್ಲಿ ಜೋಡಿಸಬೇಕು. ಹಸಿವಾದರೆ "ಹಸಿವು" ಅನ್ನುವುದೂ ಒಂದು ಕಾರ್ಡಾಗಿ ಬಂದು ಚೌಕದಲ್ಲಿ ಕೂರುತ್ತದೆ! ಜಾಗ ಇಲ್ಲದಿದ್ದರೆ ಏನನ್ನೋ ಬಿಡಬೇಕು. ಎಂಟು ವರ್ಷದ ಮಗುವಿಗೂ ಇದು ಕೈಯಲ್ಲಿ ಹಿಡಿದೇ ಅರ್ಥ ಆಗುತ್ತದೆ. ಅಪಾಯ ಇದೆ, ಇಲಿ ಸಾಯಲೂಬಹುದು. ಬೇಡ ಅನ್ನಿಸಿದರೆ ಸಾವಿನ ಬದಲು ಇಲಿಯನ್ನು ಯಾರೋ ಹಿಡಿದುಕೊಂಡು ಹೋದರು ಅಂತ ಮಾಡಿ, ಬಿಡಿಸಿ ತರುವುದೇ ಮುಂದಿನ ಕಥೆ.

ಆಡಿಸುವ ಬಗ್ಗೆ ಎರಡೇ ಮಾತು. ಪೂರ್ತಿ ಕಥೆ ಬರೆದಿಟ್ಟುಕೊಳ್ಳಬೇಡಿ, ಒಂದು ಜಾಗ, ಅಲ್ಲಿ ಒಂದು ತೊಂದರೆ, ತೊಂದರೆ ಕೊಡುತ್ತಿರುವವನಿಗೆ ಒಂದು ಆಸೆ, ಇಷ್ಟು ಸಾಕು. ಮಕ್ಕಳು ಏನಾದರೂ ಉಪಾಯ ಹೇಳಿದರೆ ತಕ್ಷಣ "ಆಗುವುದಿಲ್ಲ" ಅನ್ನಬೇಡಿ, "ಹೇಗೆ ಮಾಡುತ್ತೀಯ?" ಅಂತ ಕೇಳಿ.

ಹೊಸಬ:

ಮತ್ತೆ ನಾನೇ. ಈ "ಬೆಲೆ ತೆತ್ತ ಗೆಲುವು" ಅನ್ನುವುದು ಬೇರೆ ಆಟಗಳಲ್ಲೂ ಬರುತ್ತದಲ್ಲ, ಎರಡು ದಾಳ ಎಸೆಯುವ ಆಟಗಳಲ್ಲಿ? ಸುಮ್ನೆ ಗೆಲುವು ಸೋಲು ಅಂತ ಇಟ್ಟರೆ ಸಾಲದಾ? ಮತ್ತೆ ಕೊನೆಗೂ ನಮ್ಮಲ್ಲಿ ಒಬ್ಬಳು ಗೇಮ್ ಮಾಸ್ಟರ್ ಆಗಲು ಒಪ್ಪಿದ್ದಾಳೆ. ಮೊದಲ ದಿನ ಅವಳು ಏನು ಮಾಡಬೇಕು?

ದಾಳಪ್ರಿಯ:

ಒಳ್ಳೆಯ ಸುದ್ದಿ!

ನೀವು ಹೇಳುತ್ತಿರುವುದು ವಿನ್ಸೆಂಟ್ ಬೇಕರ್ 2010ರ ಅಪೋಕಲಿಪ್ಸ್ ವರ್ಲ್ಡ್‌ನಲ್ಲಿ ತಂದ ಪದ್ಧತಿ. ಎರಡು ದಾಳ ಮತ್ತು ನಿಮ್ಮ ಗುಣದ ಅಂಕ ಕೂಡಿಸಿ 10 ಅಥವಾ ಜಾಸ್ತಿ ಬಂದರೆ ಪೂರ್ತಿ ಗೆಲುವು, 7ರಿಂದ 9 ಬಂದರೆ ಗೆಲುವು ಆದರೆ ಏನೋ ತೊಡಕು, 6 ಅಥವಾ ಕಡಿಮೆ ಬಂದರೆ ಗೇಮ್ ಮಾಸ್ಟರ್ ಕೈಗೆ ಹೋಗುತ್ತದೆ. ಲೆಕ್ಕ ನೋಡಿ. ಎರಡು ದಾಳಕ್ಕೆ ಒಟ್ಟು 36 ಸಾಧ್ಯತೆ. ನಿಮ್ಮ ಗುಣ +1 ಇದ್ದರೆ 10 ಸಾಧ್ಯತೆ ಪೂರ್ತಿ ಗೆಲುವಿಗೆ, 10 ಸೋಲಿಗೆ, ಉಳಿದ 16 ತೊಡಕಿನ ಗೆಲುವಿಗೆ. ಅಂದರೆ ಅತಿ ಹೆಚ್ಚು ಬರುವುದು ಮಧ್ಯದ್ದೇ. ನೀವು ಬಾಗಿಲು ತೆರೆದಿರಿ, ಆದರೆ ಸದ್ದಾಯಿತು. ಕೇಳಿದ ಮಾತು ಅವನು ಹೇಳಿದ, ಆದರೆ ಪ್ರತಿಯಾಗಿ ಏನೋ ಕೇಳಿದ. ಬರೀ ಗೆಲುವು ಸೋಲು ಇಟ್ಟರೆ "ತೆರೆಯಲಿಲ್ಲ" ಅಂತ ಅಲ್ಲಿಗೇ ನಿಲ್ಲುತ್ತದೆ. ಇಲ್ಲಿ ಪ್ರತಿ ದಾಳದ ಹಿಂದೆಯೇ ಮುಂದಿನ ದೃಶ್ಯ ಬರುತ್ತದೆ.

ಮೊದಲ ದಿನದ ಬಗ್ಗೆ. ಆಟ ಶುರು ಮಾಡುವ ಮೊದಲು ಅರ್ಧ ಗಂಟೆ ಎಲ್ಲರೂ ಕೂತು ಮಾತಾಡಿ. ಎಂಥ ಕಥೆ ಬೇಕು, ಯಾವ ವಿಷಯ ಬೇಡವೇ ಬೇಡ, ಯಾವುದು ಬಂದರೂ ವಿವರವಾಗಿ ಬೇಡ. ಜಾನ್ ಸ್ಟಾವ್ರೊಪೌಲಸ್ ರೂಪಿಸಿದ ಎಕ್ಸ್ ಕಾರ್ಡ್ ಅನ್ನುವುದು ಒಂದಿದೆ. ಮೇಜಿನ ಮಧ್ಯೆ ಎಕ್ಸ್ ಬರೆದ ಒಂದು ಕಾರ್ಡ್ ಇಡಿ, ಯಾರಿಗಾದರೂ ಯಾವುದಾದರೂ ದೃಶ್ಯ ಸಹಿಸಲು ಆಗದಿದ್ದರೆ ಅದನ್ನು ಮುಟ್ಟಿದರೆ ಸಾಕು, ಕಾರಣ ಹೇಳಬೇಕಿಲ್ಲ, ಆ ಭಾಗ ಬಿಟ್ಟು ಮುಂದೆ ಹೋಗಿ. ಗೆಳೆಯರ ನಡುವೆ ಇದೆಲ್ಲ ಯಾಕೆ ಅನ್ನುವವರಿಗೆ ನನ್ನ ಉತ್ತರ: ಗೆಳೆಯರ ನಡುವೆಯೇ ಬೇಕು, ಯಾಕೆಂದರೆ ಅಲ್ಲೇ ಜನ ಬೇಡ ಅನ್ನಲು ಸಂಕೋಚ ಪಡುತ್ತಾರೆ.

ಆಮೇಲೆ ಅವಳಿಗೆ ಹೇಳಿ, ನಿಯಮ ಪೂರ್ತಿ ಬಾಯಿಪಾಠ ಆಗುವವರೆಗೆ ಕಾಯಬೇಡ ಅಂತ. ಮಧ್ಯದಲ್ಲಿ ಅನುಮಾನ ಬಂದರೆ ಅವಳೇ ಒಂದು ತೀರ್ಪು ಕೊಟ್ಟು ಮುಂದೆ ಹೋಗಲಿ, ಪುಸ್ತಕ ತೆಗೆದು ನೋಡುವುದು ಆಟ ಮುಗಿದ ಮೇಲೆ. ಮೂರು ಗಂಟೆ ಇದ್ದರೆ ಎರಡೂವರೆಗೆ ಮುಗಿಯುವ ಸಾಹಸ ಇಟ್ಟುಕೊಳ್ಳಲಿ. ನೀವು ಮೂರು ಜನ ನಿಮ್ಮ ನಿಮ್ಮ ಪಾತ್ರದ ನಿಯಮ ನೀವೇ ಓದಿಕೊಂಡು ಬನ್ನಿ, ಎಲ್ಲಾ ಭಾರ ಅವಳ ಮೇಲೆ ಹಾಕಬೇಡಿ. ಆಟ ಯಾವುದು ಅಂತ ಕೇಳಿದರೆ, ನಿಮ್ಮ ಗುಂಪಿಗೆ ಕೇರ್ನ್. ಉಚಿತ ಇದೆ, ನಿಯಮ ಒಂದು ಸಂಜೆಯಲ್ಲಿ ಓದಿ ಮುಗಿಯುತ್ತದೆ, ಪಾತ್ರಗಳು ಹತ್ತು ನಿಮಿಷದಲ್ಲಿ ತಯಾರು. ಆಡಿ ಬಂದು ಇಲ್ಲಿ ಬರೆಯಿರಿ, ಯಾರ ಪಾತ್ರ ಏನಾಯಿತು ಅಂತ ತಿಳಿಯುವ ಆಸೆ ನನಗೂ ಇದೆ.